‘ಡಿಫರ್’ ಪದ: ಮೈಸೂರು ಅನುವಾದಕರ ಗುಂಪಿಗೆ ಸೂಚನೆ
ಎಲ್ಲರಿಗೂ ನಮಸ್ಕಾರ. ಕನ್ನಡಕ್ಕೋ ಮರಾಠಿಗೋ ಅನುವಾದಿಸುವಾಗ ಇಂಗ್ಲಿಷಿನ ‘ಡಿಫರ್’ (defer) ಕ್ರಿಯಾಪದವನ್ನು ಕಂಡಲ್ಲೆಲ್ಲ ‘ಮುಂದೂಡು’ ಎಂದು ತುಂಬಬೇಡಿ. ಅದು ನಿಜಕ್ಕೂ 2 ಪದ, ಲ್ಯಾಟಿನ್ ಮೂಲಗಳೂ ಬೇರೆ ಬೇರೆ.

ಮೊದಲು ವಾಕ್ಯದಲ್ಲಿ ಅದರ ಮುಂದೆ ‘ಟು’ ಇದೆಯೇ, ಆಮೇಲೆ ಬರುವುದು ವ್ಯಕ್ತಿಯೋ ದಿನಾಂಕವೋ ನೋಡಿ. ದಿನಾಂಕವಿದ್ದರೆ, ಅಥವಾ ‘ಟು’ ಇಲ್ಲದೆ ಸಭೆ, ಕಂತು, ನಾಲೆಗೆ ನೀರು ಬಿಡುವ ವಿಚಾರ ನೇರವಾಗಿ ಬಂದರೆ, ಮುಂದೂಡಿಕೆ. ಮರಾಠಿಯಲ್ಲಿ ‘ಪುಢೇ ಢಕಲಣೇ’. ನಮ್ಮ ‘ಮುಂದೂಡು’ವಿನಲ್ಲಿ ‘ದೂಡು’ ಇರುವಂತೆ ಅಲ್ಲೂ ತಳ್ಳುವುದೇ ಇದೆ, ನೆನಪಿಡಲು ಸುಲಭ. ‘ಲಾಂಬಣೀವರ್ ಟಾಕಣೇ’ ಎಂದರೆ ಎಳೆದಾಡಿದ ವಾಸನೆ ಬರುತ್ತದೆ. ‘ತಹಕೂಬ್ ಕರಣೇ’ ನಡೆಯುತ್ತಿರುವ ಸಭೆಯನ್ನು ನಿಲ್ಲಿಸಿಡುವುದಕ್ಕೆ. ಸಾಲದ ಕಂತಿಗೆ ಹಾಕಿದರೆ ನಗೆಪಾಟಲು.

‘ಟು’ ನಂತರ ವ್ಯಕ್ತಿ ಅಥವಾ ಅಭಿಪ್ರಾಯ ಬಂದರೆ ಮಣಿಯುವುದು: ‘ಹಿರಿಯರ ಮಾತಿಗೆ ಬಿಟ್ಟುಕೊಟ್ಟರು’. ಮರಾಠಿಯಲ್ಲಿ ‘ಮತಾಲಾ ಮಾನ್ ದೇಣೇ’ ಅಥವಾ ‘ಮಾನ್ ತುಕವಣೇ’. ಎಡವುವುದು ಇಲ್ಲೇ. ಮೊದಲನೆಯ ‘ಮಾನ್’ ಪುಲ್ಲಿಂಗ, ಗೌರವ. ಎರಡನೆಯದು ಸ್ತ್ರೀಲಿಂಗ, ಕುತ್ತಿಗೆ. ನಮ್ಮ ‘ತಲೆಬಾಗು’ ಎರಡನೆಯದಕ್ಕೆ ಹತ್ತಿರ. ಬರೀ ಸೌಜನ್ಯಕ್ಕೆ ಒಪ್ಪಿದ್ದರೆ ಅದು ತುಸು ಜಾಸ್ತಿಯೇ ಆಯಿತು, ‘ಮಾನ್ ದೇಣೇ’ ಸಾಕು.

ನಾಮಪದಗಳೂ ಬೇರೆ: ‘ಡಿಫರ್‌ಮೆಂಟ್’ ಮುಂದೂಡಿಕೆ, ‘ಡೆಫರೆನ್ಸ್’ ಗೌರವದ ಮಣಿತ.

ಧ್ವನಿ ಸಂದೇಶ ಕೇಳಿ ಟೈಪ್ ಮಾಡುವವರು ಗಮನಿಸಿ: ‘ಭಿನ್ನವಾಗಿರು’ ಎಂಬರ್ಥದ ಪದವೂ (differ) ಕನ್ನಡ ಲಿಪಿಯಲ್ಲಿ ‘ಡಿಫರ್’ ಎಂದೇ ಆಗುತ್ತದೆ. ಅದರಲ್ಲಿ ಒತ್ತು ‘ಡಿ’ ಮೇಲೆ, ಇದರಲ್ಲಿ ‘ಫರ್’ ಮೇಲೆ. ಅನುಮಾನವಿದ್ದರೆ ಇಂಗ್ಲಿಷ್ ಕಾಗುಣಿತ ಕೇಳಿ ಪಡೆದೇ ಮುಂದುವರಿಯಿರಿ.