ಡಿಸೆಂಬರ್‌ದಾಗ ಯಾವ ಮಾಯಾ ಊರು ನೋಡೂಣು?

ಅಪ್ಪಾ, ಅವ್ವಾ,

ಎಲ್ಲಾರೂ ಆರಾಮ ಅದೀರಿ ಅನ್ಕೋತೀನಿ, ನಾವೂ ಇಲ್ಲಿ ಹ್ಯೂಸ್ಟನ್‌ದಾಗ ಆರಾಮ. ಹೋದ ವಾರ ಫೋನ್ ಅರ್ಧಕ್ಕ ಕಟ್ ಆತು, ಮೆಕ್ಸಿಕೋ ವಿಷಯ ಪೂರ್ತಿ ಹೇಳಾಕ ಆಗ್ಲಿಲ್ಲ, ಅದಕ್ಕ ಕುಂತು ಬರ್ಯಾಕತ್ತೀನಿ. ಅಪ್ಪಾ, ನೀವು ಅವ್ವಗ ಓದಿ ಹೇಳ್ರಿ.

ಮೊದ್ಲು ವೀಸಾ ಚಿಂತಿ ಬಿಡ್ರಿ. ನಿಮ್ಮ ಅಮೆರಿಕಾ ವೀಸಾ ಚಾಲ್ತಿ ಐತಲ್ಲಾ, ಅದಿದ್ರ ಮೆಕ್ಸಿಕೋಕ್ಕ ಬ್ಯಾರೆ ವೀಸಾ ಬೇಕಾಗಂಗಿಲ್ಲ. ನಮಗ ಇರೋದು ಏಳು ದಿನ ರಜಾ, ಅಲ್ಲಿ ಮಾಯಾ ಅನ್ನೋ ಮೂಲನಿವಾಸಿ ಜನ ಕಟ್ಟಿದ ಹಳೇ ಊರು ನೋಡಿದ್ರ ಲೆಕ್ಕಕ್ಕ ಸಿಗಂಗಿಲ್ಲ, ಯಾವ್ದು ಹಿಡೀಬೇಕು ಯಾವ್ದು ಬಿಡಬೇಕು ಅನ್ನೋದ ಈಗಿನ ಪ್ರಶ್ನಿ.

ಎಲ್ಲಾರೂ ಹೇಳೋದು ಚಿಚೆನ್ ಇಟ್ಜಾ. ನಾ ಎರಡು ವರ್ಷದ ಹಿಂದ ಆಫೀಸ್‌ನವರ ಜೋಡಿ ಹೋಗಿ ಬಂದೀನಿ. ಚಂದ ಐತಿ, ಇಲ್ಲಾ ಅನ್ನಂಗಿಲ್ಲ, ದೊಡ್ಡ ಪಿರಮಿಡ್‌ಗೆ ನಾಕೂ ಕಡಿ 91 ಮೆಟ್ಟಿಲು, ತುದೀದು ಒಂದು ಕೂಡಿಸಿದ್ರ 365, ವರ್ಷದ ದಿನದ ಲೆಕ್ಕ. ಮುಂದ ನಿಂತು ಚಪ್ಪಾಳಿ ಹೊಡದ್ರ ಹಕ್ಕಿ ಕೂಗಿದಂಗ ದನಿ ತಿರುಗಿ ಬರ್ತೈತಿ. ಆದ್ರ ಬಸ್‌ನವರು ಎರಡ ತಾಸು ಕೊಟ್ರು, ಸುತ್ತಲೂ ಮಂದಿ, ಒಳಗ ದಾರಿ ತುಂಬಾ ಅಂಗಡಿ, ಬಿಸಿಲಾಗ ಓಡಿ ಓಡಿ ನೋಡಿ ಮನಸ್ಸಿಗೆ ಏನೂ ಹತ್ತಲಿಲ್ಲ. ನಿಮ್ಮನ್ನ ಹಂಗ ಓಡಸಾಕ ನನಗ ಇಷ್ಟ ಇಲ್ಲ. ಅವ್ವಾ, ನಿನ್ನ ಮೊಣಕಾಲಿನ ಚಿಂತಿ ಮಾಡಬ್ಯಾಡ, ಅಲ್ಲಿ ಮ್ಯಾಲೆ ಹತ್ತಾಕ ಈಗ ಯಾರಿಗೂ ಬಿಡಂಗಿಲ್ಲ. ನಿನಗ ನೋಡಬೇಕ ಅನಿಸಿದ್ರ ಮೆರಿಡಾ ಅನ್ನೋ ಶಹರದಾಗ ಉಳಕೊಂಡು ಒಂದಿನ ಬಾಗಲಾ ತಗಿಯೋ ಹೊತ್ತಿಗೇ ಹೋಗಿ ಬಂದುಬಿಡೂಣು.

ನನ್ನ ಮನಸ್ಸು ಉಷ್ಮಾಲ್ ಮ್ಯಾಲೆ ಐತಿ, ಅದೂ ಮೆರಿಡಾಕ್ಕ ಹತ್ತರನ, ಸುಮಾರು 80 ಕಿಲೋಮೀಟರ್. ಆ ಸೀಮಿ ಎಲ್ಲಾ ಸುಣ್ಣದ ಕಲ್ಲು, ಬಿದ್ದ ನೀರು ಕೆಳಗ ಇಂಗಿ ಹೋಗಿಬಿಡ್ತೈತಿ, ಒಂದು ಹೊಳಿ ಇಲ್ಲ. ಬ್ಯಾರೆ ಊರಾಗ ಸೆನೋಟೆ ಅಂತ ನೆಲ ಕುಸಿದು ಆದ ಬಾವಿ ಅದಾವ, ಉಷ್ಮಾಲ್‌ದಾಗ ಅದೂ ಇರಲಿಲ್ಲ. ಅದಕ್ಕ ನೆಲದೊಳಗ ಗುಂಡಿ ತಗದು, ಬಾಯಿ ಸಣ್ಣದು ಹೊಟ್ಟಿ ದೊಡ್ಡದು ಮಾಡಿ, ಒಳಗ ಗಾರಿ ಮೆತ್ತಿ ಮಳಿ ನೀರು ಹಿಡದು ಇಡತಿದ್ರು. ಓದಿದ ಕೂಡ್ಲೆ ನನಗ ಅಜ್ಜನ ಮನಿ ಹಗೇವು ನೆನಪಾತು. ನಾವು ಜ್ವಾಳ ಇಟ್ಟಂಗ ಅವರು ನೀರು ಇಟ್ರು. ಗೋಡಿ ತುಂಬಾ ಚಾಕ್ ಅನ್ನೋ ಮಳಿ ದೇವರ ಮುಖ ಕೆತ್ತ್ಯಾರ, ಮೂಗು ಸೊಂಡಿಲಿನಂಗ ಸುತ್ತಿಕೊಂಡೈತಿ. ಮಳಿ ದಾರಿ ಕಾಯ್ದವರಿಗೆ ಅದು ಯಾಕಂತ ತಿಳೀತೈತಿ, ಹೌದಲ್ರಿ ಅಪ್ಪಾ?

ಆದ್ರ ಅಪ್ಪಾ, ನಿಮ್ಮನ್ನ ಕರಕೊಂಡು ಹೋಗಾಕಬೇಕು ಅಂತ ನಾ ಹಟ ಹಿಡದಿರೋದು ಪಲೆಂಕೆ. ಅಲ್ಲಿ ಪಕಲ್ ಅಂತ ರಾಜ, 615ರಾಗ ಹನ್ನೆರಡು ವರ್ಷದ ಹುಡುಗ ಇದ್ದಾಗ ಪಟ್ಟಕ್ಕ ಬಂದು 683ರ ತನಕ ಆಳಿದ. ಇಸವಿ ನೋಡ್ರಿ, ನಮ್ಮ ಇಮ್ಮಡಿ ಪುಲಕೇಶಿ ಕಾಲ. ಐಹೊಳಿ ಮೇಗುತಿ ಗುಡಿ ಶಾಸನ 634ರದು, ಅದನ್ನ ಕೆತ್ತೋ ಹೊತ್ತಿಗೆ ಅಲ್ಲಿ ಪಕಲ್ ಗಾದಿ ಮ್ಯಾಲೆ ಇದ್ದ! ಅವನಿಗೆ ಕಟ್ಟಿದ ಗುಡಿ ಹೆಸರೂ ಶಾಸನಗಳ ಗುಡಿ ಅಂತನ. ಆಲ್ಬರ್ಟೋ ರುಸ್ ಅನ್ನೋ ಸಂಶೋಧಕರು ಆ ಗುಡಿ ನೆಲದಾಗ ಮುಚ್ಚಿದ್ದ ಮೆಟ್ಟಿಲು ಕಂಡು, ತುಂಬಿದ ಕಲ್ಲು ಮಣ್ಣು ವರ್ಷಗಟ್ಟಲೆ ತಗಸಿ, 1952ರಾಗ ತಳದಾಗ ಅವನ ಸಮಾಧಿ ಮುಟ್ಟಿದ್ರು. ಇನ್ನೂ ಒಂದು, ನೀವು ಕನ್ನಡಾ ಮಾಸ್ತರು ಅಂತ ಹೇಳ್ತೀನಿ, ಪಕಲ್ ಅಂದ್ರ ಢಾಲು, ಅವನ ಹೆಸರನ್ನ ಒಂದು ಕಡಿ ಢಾಲಿನ ಚಿತ್ರ ಬರದು ತೋರ್ಸ್ಯಾರ, ಇನ್ನೊಂದು ಕಡಿ ಪ-ಕ-ಲ ಅಂತ ಮೂರು ಅಕ್ಷರ ಕೂಡಿಸಿ ಬರದಾರ. ನಮ್ಮ ಕಾಗುಣಿತದಂಗ ವ್ಯಂಜನಕ್ಕ ಸ್ವರ ಕೂಡಿದ ಅಕ್ಷರ! ಇದನ್ನ ಓದಿದ ರಾತ್ರಿ ನನಗ ನಿದ್ದಿ ಹತ್ತಲಿಲ್ಲ, ನೀವು ಮೇಗುತಿಯೊಳಗ ಬಟ್ಟು ಇಟ್ಟು ಒಂದೊಂದ ಅಕ್ಷರ ಓದಿ ತೋರಿಸಿದ್ದ ಕಣ್ಣಮುಂದ ಬಂತು.

ದೂರ ಐತಿ, ಖರೆ. ಮೆರಿಡಾದಿಂದ ಐದ್ನೂರು ಕಿಲೋಮೀಟರ್ ಮ್ಯಾಲೆ. ಮಾಯಾ ಟ್ರೇನ್ ಅಂತ 2023ರ ಡಿಸೆಂಬರ್‌ದಾಗ ಹೊಸಾ ರೈಲು ಚಾಲೂ ಆಗೈತಿ, ಪಲೆಂಕೆ ತನಕ ಹೋಗ್ತೈತಿ, ಅವ್ವ ಕಾಲು ಚಾಚಿ ಕುಂಡ್ರಬಹುದು.

ಗ್ವಾಟೆಮಾಲಾದ ಟಿಕಾಲ್ ಈ ಸಲ ಬಿಟ್ಟೀನಿ, ಇನ್ನೊಂದು ದೇಶ, ಇನ್ನೊಂದು ಫ್ಲೈಟ್. ಕಲಾಕ್ಮುಲ್‌ಗೆ ಹೈವೇ ಬಿಟ್ಟು ಅರವತ್ತು ಕಿಲೋಮೀಟರ್ ಕಾಡಿನ ದಾರಿ, ಅದು ನಿಮ್ಮ ಬೆನ್ನಿಗೆ ಬ್ಯಾಡ. ತುಲುಮ್ ಸಮುದ್ರದ ದಂಡಿ ಮ್ಯಾಲೆ ಐತಿ, ಫೋಟೋದಾಗ ಭಾಳ ಚಂದ, ಆದ್ರ ದಾರಿ ಪೂರಾ ಉಲ್ಟಾ ಆಗ್ತೈತಿ.

ಊಟಕ್ಕ ಅಂಜಬ್ಯಾಡ ಅವ್ವಾ. ಗೋವಿನಜ್ವಾಳ ಸುಣ್ಣದ ನೀರಾಗ ಕುದಿಸಿ, ರುಬ್ಬಿ, ರೊಟ್ಟಿ ಬಡೀತಾರ, ಮಾಯಾ ಹೆಣ್ಮಕ್ಕಳು ಈಗ್ಲೂ ಹಂಗ ಮಾಡ್ತಾರ, ಮನ್ಯಾಗ ಮಾತಾಡೋದೂ ಮಾಯಾ ಭಾಷಾನ. ಕಾಳಿನ ಪಲ್ಯಾಕ್ಕ ಮಾತ್ರ ಹಂದಿ ಕೊಬ್ಬು ಹಾಕೋದು ರೂಢಿ, ಅದನ್ನ ನಾ ಮೊದ್ಲ ಕೇಳ್ತೀನಿ.

ಬುಕ್ಕಿಂಗ್ ಮಾಡಬೇಕು, ಈ ತಿಂಗಳಾಗ ಹೇಳ್ರಿ. ಉಷ್ಮಾಲ್, ಪಲೆಂಕೆ ಎರಡೂ ನನ್ನ ಕಡಿಂದ ಪಕ್ಕಾ, ಚಿಚೆನ್ ಇಟ್ಜಾ ಅವ್ವನ ಮರ್ಜಿ. ಅವ್ವಗ ಮೆತ್ತನ್ನ ಬೂಟು ಕೊಡಿಸ್ರಿ, ಚಪ್ಪಲ್ ನಡ್ಯಂಗಿಲ್ಲ. ಮತ್ತ ಅಪ್ಪಾ, ಮೇಗುತಿ ಶಾಸನ ಕೈಲೆ ಬರಕೊಂಡ ನೋಟ್‌ಬುಕ್ ಟ್ರಂಕಿನಾಗ ಐತಲ್ರೀ, ಅದನ್ನ ಮರೀದ ತರ್ರಿ.

ನಿಮ್ಮ ಮಗಳು