ಮುದ್ದೆ ಬಿಡಿಸದ ಆಹಾರತಜ್ಞೆಗೆ ಕೃತಜ್ಞತೆ

ಮಂಡಿನೋವಿನಿಂದ ಮೆಟ್ಟಿಲು ಹತ್ತುವುದೇ ದುಸ್ತರವಾಗಿ, ರಕ್ತದ ಸಕ್ಕರೆಯೂ ಏರುತ್ತಿದೆಯೆಂದು ವೈದ್ಯರು ಎಚ್ಚರಿಸಿದ ದಿನ, ಎಲ್ಲರಿಗೂ ಒಂದೇ ಎಂಬಂತಿದ್ದ ಓಟ್ಸ್–ಬ್ರೊಕೊಲಿಯ ಪಥ್ಯದ ಪಟ್ಟಿಗಳಿಂದ ಕಂಗೆಟ್ಟಿದ್ದ ನನ್ನನ್ನು ಮೈಸೂರಿನ ಆಸ್ಪತ್ರೆಯೊಂದರ ಆಹಾರತಜ್ಞೆ ಎದುರು ಕೂರಿಸಿಕೊಂಡು ಮೊದಲು ಕೇಳಿದ್ದು, "ಮನೇಲಿ ಅಡುಗೆ ಯಾರು ಮಾಡ್ತಾರಮ್ಮ?" ಎಂದು.

ತೂಕ ನೋಡಿದಾಗ ಸಂಖ್ಯೆಯನ್ನು ಗಟ್ಟಿಯಾಗಿ ಓದದೆ ಚೀಟಿಯಲ್ಲಿ ಬರೆದು ಮಡಚಿ ಕೈಗಿಟ್ಟರು. ಸರದಿಯಲ್ಲಿ ನಿಂತವರೆದುರು ಅದೆಂಥ ಉಪಕಾರವೆಂಬುದು ದಪ್ಪಗಿರುವವರಿಗೇ ಗೊತ್ತು. ರಾಗಿಮುದ್ದೆಯನ್ನು ಅವರು ಬಿಡಿಸಲಿಲ್ಲ. ಮುಷ್ಟಿ ಹಿಡಿದು ಅದರ ಗಾತ್ರ ತೋರಿಸಿ, ಜೊತೆಗೆ ಬಸ್ಸಾರಿನ ಸೊಪ್ಪು, ಮೊಳಕೆಕಾಳುಗಳನ್ನು ಹೆಚ್ಚಿಸಿ, ಸಂಜೆಯ ಕಾಫಿಯ ಸಕ್ಕರೆಯನ್ನು ಮಾತ್ರ ನಗುತ್ತಲೇ ಹೊಡೆದುಹಾಕಿದರು.

ದೇಹತೂಕದ ಶೇಕಡ 5ರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡಗಳು ಸುಧಾರಿಸಬಹುದೆಂದೂ, ಇಳಿದ ಒಂದೊಂದು ಕಿಲೋಗೆ ನಡೆಯುವಾಗ ಮಂಡಿಯ ಮೇಲಿನ ಹೊರೆ ಹೆಜ್ಜೆಗೆ ಸುಮಾರು 4 ಕಿಲೋದಷ್ಟು ತಗ್ಗುತ್ತದೆಂದೂ ಅವರು ವಿವರಿಸಿದಾಗ, ಅಸಾಧ್ಯವೆನಿಸಿದ್ದ ಕೆಲಸ ಕೈಗೆಟಕುವಂತೆ ಕಂಡು ಮನಸ್ಸು ಹಗುರವಾಯಿತು. ಪ್ರತಿ ಭೇಟಿಯಲ್ಲೂ ತೂಕಕ್ಕಿಂತ ಮೊದಲು ನಿದ್ದೆಯನ್ನು ವಿಚಾರಿಸುತ್ತಿದ್ದರು. ಈಗ ನಿದ್ದೆ ಬರುತ್ತಿದೆ, ಮಾರುಕಟ್ಟೆಗೆ ನಡೆದೇ ಹೋಗುತ್ತಿದ್ದೇನೆ. ಹೆಸರು ಹಾಕುವುದು ಬೇಡವೆಂದ ಆ ತಾಯಿಗೆ ನನ್ನ ನಮಸ್ಕಾರಗಳು.