ನಮ್ಮೂರನ್ನು ಕೇಳುತ್ತಾ ನಡೆಯೋಣ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಬರುವ ತಿಂಗಳ ಮೊದಲ ಶನಿವಾರ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಅರ್ಧ ದಿನ ಭದ್ರಾವತಿಯನ್ನು ನಡೆದು ನೋಡಲಿದ್ದಾರೆ. ಜೊತೆಗೆ ಗೈಡ್ ಇರುವುದಿಲ್ಲ. ನಮ್ಮ ಶಿಕ್ಷಕರು, ಮಕ್ಕಳು ಸೇರಿ ಊರಿನ ಚರಿತ್ರೆಯನ್ನು ಸಣ್ಣ ಸಣ್ಣ ಆಡಿಯೊಗಳಾಗಿ ರೆಕಾರ್ಡ್ ಮಾಡಿದ್ದಾರೆ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡುತ್ತೇವೆ. ಒಂದು ಜಾಗಕ್ಕೆ ಹೋಗಬೇಕು, ನಿಲ್ಲಬೇಕು, ಫೋನಿನಲ್ಲಿ ಆ ಜಾಗದ ಆಡಿಯೊ ಕೇಳಬೇಕು. ಅರ್ಥವಾಗದಿದ್ದರೆ ಇನ್ನೊಮ್ಮೆ ಹಾಕಿಕೊಳ್ಳಬಹುದು.

ಬಸ್ಸಿನಲ್ಲಿ ಕರೆದುಕೊಂಡು ಹೋದರೆ ಸುಲಭ ಅಲ್ವಾ ಎಂದು ಕೆಲವರು ಕೇಳಿದಿರಿ. ಪ್ರವಾಸದಲ್ಲಿ ಒಬ್ಬ ಶಿಕ್ಷಕರು ಎಷ್ಟೇ ಗಟ್ಟಿಯಾಗಿ ಹೇಳಿದರೂ ಹಿಂದೆ ನಿಂತವರಿಗೆ ಕೇಳಿಸುವುದಿಲ್ಲ. ನಿಧಾನವಾಗಿ ನೋಡುವ ಮಗುವನ್ನು ನಾವೇ ‘ಬೇಗ ಬಾ’ ಎಂದು ಎಳೆಯುತ್ತೇವೆ. ಈ ನಡಿಗೆಯಲ್ಲಿ ಮಕ್ಕಳು ತಮಗೆ ಬೇಕಾದಷ್ಟು ಹೊತ್ತು ನಿಂತು ನೋಡಲಿ ಎಂಬುದು ನನ್ನ ಆಸೆ.

ಮೊದಲ ನಿಲ್ದಾಣ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ. ಹೊಯ್ಸಳರ ಕಾಲದ, ಮೂರು ಗರ್ಭಗುಡಿಗಳ ಗುಡಿ. ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಕಾರ್ಖಾನೆ ಬರುವ ಮೊದಲೂ ಇಲ್ಲಿ ಜನ ಇದ್ದರು ಎಂಬುದು ಮಕ್ಕಳಿಗೆ ತಿಳಿದಿರಬೇಕು. ಅಲ್ಲಿಂದ ಭದ್ರಾ ಸೇತುವೆ ದಾಟಿ ಉಕ್ಕಿನ ಕಾರ್ಖಾನೆಯ ಕಡೆಗೆ.

ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಒಳಗೆ ಹೋಗುವುದಿಲ್ಲ, ಗೇಟಿನ ಹೊರಗೇ ಕೇಳುತ್ತೇವೆ. ಕಬ್ಬಿಣ ಕರಗಿಸಲು ಸಾಮಾನ್ಯವಾಗಿ ಕಲ್ಲಿದ್ದಲು ಬೇಕು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲೇ ಇರಲಿಲ್ಲ. ಹಾಗಿದ್ದೂ ಕಾರ್ಖಾನೆ ಇಲ್ಲೇ ಯಾಕೆ ಬಂತು? ಸುತ್ತ ಮಲೆನಾಡಿನ ಕಾಡಿತ್ತು, ಸೌದೆ ಸಿಗುತ್ತಿತ್ತು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು. ಪಕ್ಕದಲ್ಲೇ ಭದ್ರೆಯ ನೀರು. ಕಲ್ಲಿದ್ದಲಿನ ಬದಲಿಗೆ, ಸೌದೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊಗೆಯನ್ನೂ ಸುಮ್ನೆ ಬಿಡುತ್ತಿರಲಿಲ್ಲ, ಅದನ್ನು ತಣಿಸಿ ಮರದ ಆಲ್ಕೋಹಾಲ್, ಟಾರು ತೆಗೆಯುತ್ತಿದ್ದರು. ಅದಿರನ್ನು ರೋಪ್‌ವೇಯಲ್ಲಿ ಬೆಟ್ಟದಿಂದ ಇಳಿಸಿ, ಪುಟ್ಟ ಟ್ರಾಮ್ ರೈಲಿನಲ್ಲಿ ಊರಿಗೆ ತರುತ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಯೋಜನೆ ಇದು. 1918ರಲ್ಲಿ ಕೆಲಸ ಶುರುವಾಗಿ, 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಆರಂಭದಲ್ಲಿ ನಷ್ಟ. ಆಗ ಅವರೇ ಬಂದು ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು.

ಅಷ್ಟೊಂದು ಕಾಡು ಕಡಿದದ್ದು ಸರಿಯೇ ಎಂದು ಆಡಿಯೊದಲ್ಲಿ ಒಬ್ಬ ಹುಡುಗಿ ಕೇಳುತ್ತಾಳೆ. ಆ ಪ್ರಶ್ನೆಯನ್ನು ತೆಗೆಯಬೇಡಿ ಎಂದು ನಾನೇ ಹೇಳಿದೆ. ಮುಂದೆ ಜೋಗದ ಕರೆಂಟ್ ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು ಎಂಬುದನ್ನೂ ಅಲ್ಲೇ ಹೇಳಿದ್ದೇವೆ. ಎರಡನ್ನೂ ಕೇಳಿ ಮಕ್ಕಳೇ ಯೋಚಿಸಲಿ.

ಆಮೇಲೆ ನ್ಯೂ ಟೌನಿನ ಕ್ವಾರ್ಟರ್ಸ್ ಬೀದಿಗಳು. ತಮಿಳು, ತೆಲುಗು, ಮಲಯಾಳಂ, ಉರ್ದು ಮಾತಾಡುವ ಮನೆಗಳು ಕನ್ನಡದ ಮನೆಗಳ ಪಕ್ಕದಲ್ಲೇ ಬೆಳೆದದ್ದು ಕೆಲಸ ಹುಡುಕಿಕೊಂಡು ಜನ ಬಂದದ್ದರಿಂದ. ನಮ್ಮ ತರಗತಿಗಳ ಹಾಜರಿ ಪುಸ್ತಕ ತೆರೆದರೆ ಇವತ್ತಿಗೂ ಅದು ಕಾಣುತ್ತದೆ.

ಪೇಪರ್ ಟೌನ್ ದೂರ, ಅಲ್ಲಿಗೆ ಮಾತ್ರ ಬಸ್ಸು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಬಿದಿರಿನಿಂದ, ಮರದಿಂದ ಕಾಗದ ಮಾಡುತ್ತಿದ್ದರು. 1980ರ ದಶಕದಿಂದ ಪತ್ರಿಕೆ ಅಚ್ಚುಮಾಡುವ ನ್ಯೂಸ್‌ಪ್ರಿಂಟ್ ಕೂಡ. ಈಗ ಅಲ್ಲಿ ಯಂತ್ರಗಳು ನಿಂತು ವರ್ಷಗಳಾದವು.

ನಿಂತುಹೋದ ಕಾರ್ಖಾನೆಗಳನ್ನು ಮಕ್ಕಳಿಗೆ ತೋರಿಸಿ ಏನು ಪ್ರಯೋಜನ ಎಂದು ಪೋಷಕರೊಬ್ಬರು ಬೇಸರದಿಂದ ಕೇಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಉಕ್ಕಿನ ಕಾರ್ಖಾನೆಗೆ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ತಿಂಗಳುಗಟ್ಟಲೆ ಹೋರಾಟಕ್ಕೆ ಕೂತರು. ಅದೇ ವರ್ಷ ಒಂದು ಭಾಗ ಮತ್ತೆ ಓಡಿತು. ಇದೆಲ್ಲ ನಡೆದದ್ದು ನಮ್ಮ ಮಕ್ಕಳ ಕಣ್ಣೆದುರಿಗೇ. ಮನೆಯಲ್ಲಿ ಆತಂಕ ನೋಡಿದ ಮಗುವಿಗೆ ಅದರ ಹಿಂದಿನ ಕಥೆ ಪೂರ್ತಿ ತಿಳಿಯಬೇಕು. ‘ಊರು ಮುಗಿಯಿತು’ ಎಂಬ ಮಾತನ್ನಷ್ಟೇ ಕೇಳುತ್ತಾ ಅವರು ಬೆಳೆಯುವುದು ನನಗೆ ಇಷ್ಟವಿಲ್ಲ. ಇಲ್ಲಿ ಎಂಥ ಕೆಲಸ ನಡೆಯಿತು, ಅದನ್ನು ಮಾಡಿದವರು ಯಾರು ಎಂಬುದೂ ಅವರಿಗೆ ಗೊತ್ತಿರಲಿ.

ಅದಕ್ಕೇ ನಿಮ್ಮಿಂದ ಒಂದು ಸಹಾಯ ಬೇಕು. ನಮ್ಮ ಆಡಿಯೊಗಳಲ್ಲಿ ಇಸವಿಗಳಿವೆ, ಮಾಹಿತಿ ಇದೆ. ಕೆಲಸ ಮಾಡಿದವರ ದನಿ ಕಡಿಮೆ. ಕುಲುಮೆಯ ಮುಂದೆ ಬೆವರು ಸುರಿಸಿದ ತಾತ, ಪಾಳಿಯ ಸೈರನ್ ಕೇಳಿ ಬುತ್ತಿ ಕಟ್ಟಿದ ಅಜ್ಜಿ, ಪೇಪರ್ ಮಿಲ್ಲಿನ ಕ್ಯಾಂಟೀನಿನಲ್ಲಿ ದುಡಿದ ಚಿಕ್ಕಪ್ಪ ನಿಮ್ಮ ಮನೆಯಲ್ಲಿ ಇರಬಹುದು. ಮಗು ಕೇಳಲಿ, ಅವರು ಎರಡು ಮೂರು ನಿಮಿಷ ಹೇಳಲಿ, ನೀವು ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾವ ಭಾಷೆಯಾದರೂ ಆಗಲಿ. ಶುದ್ಧವಾಗಿ ಮಾತಾಡಬೇಕಿಲ್ಲ. ಕೆಲಸ ಹೇಗಿತ್ತು, ಕೈಗೆ ಏನು ಹಿಡಿಯುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು, ಅಷ್ಟು ಸಾಕು. ಹೆಸರು ಬೇಡ ಎಂದರೆ ಹಾಕುವುದಿಲ್ಲ. ಬಂದ ರೆಕಾರ್ಡಿಂಗ್‌ಗಳನ್ನು ಕಾರ್ಖಾನೆ ಮತ್ತು ಕ್ವಾರ್ಟರ್ಸ್ ನಿಲ್ದಾಣಗಳಿಗೆ ಸೇರಿಸುತ್ತೇವೆ.

ಇನ್ನು ವ್ಯವಸ್ಥೆಯ ಮಾತು. ಬೆಳಿಗ್ಗೆ ಎಂಟಕ್ಕೆ ಶಾಲೆಯಿಂದ ಹೊರಟು, ಮಧ್ಯಾಹ್ನ ಒಂದು ಗಂಟೆಯೊಳಗೆ ವಾಪಸ್. ಗುಂಪಿಗೆ ಒಂದೇ ಫೋನ್ ಸಾಕು. ಫೋನ್ ಇಲ್ಲದವರು ಚಿಂತಿಸಬೇಡಿ, ಶಾಲೆಯೇ ಹೊಂದಿಸುತ್ತದೆ. ಆಡಿಯೊಗಳನ್ನು ಮೊದಲೇ ಹಾಕಿಕೊಡುವುದರಿಂದ ಡೇಟಾ ಖರ್ಚಾಗುವುದಿಲ್ಲ. ನಡೆಯುವಾಗ ಇಯರ್‌ಫೋನ್ ಪೂರ್ತಿ ಬೇಡ, ನಿಂತ ಮೇಲೆಯೇ ಕೇಳಬೇಕು. ಇದನ್ನು ಮನೆಯಲ್ಲೂ ಒತ್ತಿ ಹೇಳಿ. ಪ್ರತಿ ನಿಲ್ದಾಣದಲ್ಲಿ, ರಸ್ತೆ ದಾಟುವ ಜಾಗಗಳಲ್ಲಿ ಒಬ್ಬ ಶಿಕ್ಷಕರು ಇರುತ್ತಾರೆ. ನೀರಿನ ಬಾಟಲಿ, ಟೋಪಿ, ತಿಂಡಿ ಕೊಟ್ಟು ಕಳಿಸಿ. ಜಾಸ್ತಿ ನಡೆಯಲಾಗದ ಮಕ್ಕಳಿಗೆ ಆಟೋ ಇರುತ್ತದೆ, ದಯವಿಟ್ಟು ಮೊದಲೇ ತಿಳಿಸಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ರೆಕಾರ್ಡಿಂಗ್ ಇದ್ದರೆ ಅದರ ಜೊತೆಗೆ, ಇದೇ ತಿಂಗಳ ಕೊನೆಯೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಮನೆಯ ಹಿರಿಯರು ಮಕ್ಕಳ ಜೊತೆ ನಡೆಯಲು ಬಂದರೆ ನನಗೆ ತುಂಬಾ ಸಂತೋಷ. ಅವರಿಗೂ ಬಸ್ಸಿನಲ್ಲಿ ಜಾಗ ಇಟ್ಟಿದ್ದೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ